ಹೊಲ ಕಾಯುವವರಿಗೆ ದೂರ ನೋಡುವ ಗಾಜು: ಆರಿಸುವುದು ಹೇಗೆ?

ಕಳೆದ ಹಿಂಗಾರಿ ಬಿತ್ತಿಗೆ ಮುಗಿದ ಮೇಲೆ ನಮ್ಮ ತಿರ್ಲಾಪುರದ ಮೂವರು ಹುಡುಗರು ಮನೆಗೆ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಕರಿ ಬಣ್ಣದ ಉದ್ದ ನಳಿಕೆ. ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಅದು, ಸ್ಕೋಪ್ ಅನ್ನುತ್ತಾರೆ. ಕೆಳಗೆ 3-9×40 ಎಂದು ಬರೆದಿತ್ತು.

“ಕಾಕಾ, ಇದನ್ನ ಏರ್‌ಗನ್ ಮ್ಯಾಲೆ ಕುಂದ್ರಿಸಿದರ ಅರ್ಧ ಕಿಲೋಮೀಟರ್ ದೂರದ ಚಿಗರಿ ಕಣ್ಣಮುಂದ ನಿಂತಂಗ ಕಾಣತೈತಂತ. ತರಸೂಣೇನು?”

ಹುಡುಗರ ಸಿಟ್ಟು ನನಗೆ ತಿಳಿಯದ್ದಲ್ಲ. ಕಡ್ಲಿ ನಾಲ್ಕು ಎಲೆ ಒಡೆಯುವಷ್ಟರಲ್ಲಿ ಚಿಗರಿ ಹಿಂಡು ಬಂದು ಚಿಗುರು ಕತ್ತರಿಸಿಕೊಂಡು ಹೋಗುತ್ತದೆ. ಹೆಸರಿಗೂ ಅದೇ ಕಾಟ. ತಿನ್ನುವುದಕ್ಕಿಂತ ತುಳಿದು ಕೆಡಿಸುವುದು ಹೆಚ್ಚು. ಗೋವಿನಜೋಳ ಹಾಕಿದವರಿಗೆ ಹಂದಿ. ಮಳಿ ನಂಬಿ ಬದುಕುವ ಎರಿ ಹೊಲದವರು ನಾವು, ಒಂದು ಬೆಳೆ ಹೋದರೆ ಮತ್ತೊಂದು ಬೆಳೆ ಇಲ್ಲ. ಆದರೂ ಹುಡುಗರಿಗೆ ಬೇಡ ಅಂದೆ. ಯಾಕೆ ಬೇಡ, ಅದರ ಬದಲು ಯಾವ ಗಾಜು ಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ. ಗಾಜಿನ ಲೆಕ್ಕ ಕಲಿಸಿದವನು ಸೈನ್ಯದಲ್ಲಿದ್ದು ಬಂದ ನನ್ನ ಅಕ್ಕನ ಮಗ. ಅದಕ್ಕಿಂತ ಮೊದಲು ಕಲಿಸಿದ್ದು ನನ್ನದೇ ಒಂದು ತಪ್ಪು.

ನಮ್ಮ ಅಪ್ಪನ ಕಾಲದಿಂದ ಮನೆಯಲ್ಲಿ ಬೆಳೆ ಕಾಯಲೆಂದು ಲೈಸೆನ್ಸ್ ಇದ್ದ ಬಂದೂಕು ಇತ್ತು. ಬಾಯಿಂದ ಮದ್ದು ತುಂಬುವ ಒಂಟಿ ನಳಿಕೆ. ಚುನಾವಣೆ ಬಂದಾಗೊಮ್ಮೆ ಠಾಣೆಗೆ ಹೊತ್ತು ಹಾಕುವುದು, ಮುಗಿದ ಮೇಲೆ ಹೊತ್ತು ತರುವುದು, ಅದೇ ಅದರ ದೊಡ್ಡ ಕೆಲಸ. ಉಳಿದಂತೆ ಬರೀ ಮದ್ದು ತುಂಬಿ ಸಪ್ಪಳ ಮಾಡುತ್ತಿದ್ದೆ. 2013ರಲ್ಲಿ ದೀಪಾವಳಿ ಇನ್ನೂ ವಾರ ಇರುವಾಗ ಗೋವಿನಜೋಳಕ್ಕೆ ಹಂದಿ ಬಿದ್ದು ಎರಡು ರಾತ್ರಿಯಲ್ಲಿ ಅರ್ಧ ಎಕರೆ ನೆಲಕ್ಕೆ ಹಾಕಿದವು. ಮೂರನೇ ದಿನ ಮದ್ದಿನ ಜೊತೆ ಚರಿಯನ್ನೂ ತುಂಬಿಕೊಂಡು ಮಂಚಿಗಿ ಹತ್ತಿ ಕುಳಿತೆ. ಕಾಯ್ದೆ ಏನು ಹೇಳುತ್ತದೆ ಎಂಬುದು ಆವತ್ತು ತಲೆಯಲ್ಲಿ ಇರಲಿಲ್ಲ, ಸಿಟ್ಟು ಒಂದೇ ಇತ್ತು.

ಹೊತ್ತು ಮುಳುಗಿ ಮಸಕಾಗಿತ್ತು. ಒಡ್ಡಿನ ಬುಡದಲ್ಲಿ ಕರಿದೊಂದು ಬಗ್ಗಿ ಬಗ್ಗಿ ಸರಿಯುತ್ತಿತ್ತು. ನಲವತ್ತು ಐವತ್ತು ಮಾರು ದೂರ. ಹಂದಿಯೇ ಅಂದುಕೊಂಡೆ. ಬಂದೂಕು ಎತ್ತಿದೆ, ಬೆರಳು ಕುದುರೆಯ ಮೇಲೆ ಇತ್ತು. ಅಷ್ಟರಲ್ಲಿ ಅದು ಕೆಮ್ಮಿತು. ಪಕ್ಕದ ಹೊಲದ ಅಜ್ಜಿ. ಕರಿ ಕಂಬಳಿ ಹೊದ್ದು ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು.

“ಯಾರಪಾ ಮಂಚಿಗಿ ಮ್ಯಾಲೆ? ಹುಲ್ಲಿಗೆ ಬಂದೀನೋ” ಅಂದಳು.

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವಳಿಗೆ ಇವತ್ತಿನ ತನಕ ಗೊತ್ತಿಲ್ಲ. ಆ ರಾತ್ರಿ ಚರಿ ಹೊರಗೆ ಸುರಿದೆ. ಮುಂದಿನ ಸಲ ಲೈಸೆನ್ಸ್ ನವೀಕರಣ ಮಾಡಿಸದೆ ಬಂದೂಕನ್ನು ಠಾಣೆಗೆ ಒಪ್ಪಿಸಿಬಿಟ್ಟೆ.

ಆ ವರ್ಷ ಅಳಿಯ ರಜೆಗೆ ಬಂದಾಗ ಅವನ ಮುಂದೆ ಇದನ್ನು ಹೇಳಿ, “ಬಂದೂಕಿನ ಮ್ಯಾಲೆ ದುರ್ಬೀನ ಇದ್ದಿದ್ದರ ಹಿಂಗ ಆಗ್ತಿದ್ದಿಲ್ಲ, ಅಜ್ಜಿ ಕಾಣತಿದ್ಲು” ಅಂದೆ. ಅವನು, “ಮಾಮಾ, ಅದರಾಗ ಅಜ್ಜಿನ್ನ ನೋಡಬೇಕಂದ್ರ ಬಂದೂಕ ಅಕಿ ಕಡೆನ ಹಿಡೀಬೇಕಲ್ಲ” ಅಂದ. ಸೈನ್ಯದಲ್ಲಿ ಮೊದಲ ದಿನ ಹೇಳಿಕೊಡುವ ಮಾತಂತೆ: ಹೊಡೆಯಬಾರದ ಕಡೆಗೆ ನಳಿಕೆ ತಿರುಗಬಾರದು. ಏನು ಕಾಣುತ್ತಿದೆ ಎಂದು ಗುರುತು ಹಿಡಿಯುವುದಕ್ಕೆ ಒಂದು ಗಾಜು, ಅದು ಕೊರಳಲ್ಲಿ ನೇತಾಡಬೇಕು. ಗುರುತು ಹಿಡಿದ ಮೇಲೆ ಗುರಿ ಇಡುವುದಕ್ಕೆ ಇನ್ನೊಂದು ಗಾಜು, ಅದು ಬಂದೂಕಿನ ಮೇಲೆ ಇರಬೇಕು. ಎರಡನೆಯದರಿಂದ ಮೊದಲಿನ ಕೆಲಸ ಮಾಡಲು ಹೋದರೆ ನಾಯಿ, ದನ, ಮನುಷ್ಯ ಎಲ್ಲರ ಮೇಲೂ ಬಂದೂಕು ಹಿಡಿದು ನೋಡಿದಂತೆ ಆಗುತ್ತದೆ. ಹೊಲ ಕಾಯುವವನಿಗೆ ಬೇಕಾದದ್ದು ಮೊದಲಿನದು, ಎರಡು ಕಣ್ಣಿನ ದುರ್ಬೀನು.

ಈಗ ಗಾಜಿನ ಲೆಕ್ಕ. ಬಂದೂಕಿನದಾಗಲಿ, ಕೊರಳಿನದಾಗಲಿ, ಲೆಕ್ಕ ಒಂದೇ.

ದುರ್ಬೀನಿನ ಮೇಲೆ 8×40 ಎಂದು ಬರೆದಿದ್ದರೆ ಮೊದಲ ಅಂಕಿ ಪಟ್ಟು. ಎಂಟು ಪಟ್ಟು ಹತ್ತಿರ ತರುತ್ತದೆ, ಅಂದರೆ 800 ಮೀಟರ್ ದೂರದ ಚಿಗರಿ ಬರಿಗಣ್ಣಿಗೆ 100 ಮೀಟರಿನಲ್ಲಿ ಕಂಡಷ್ಟು ಕಾಣುತ್ತದೆ. ಎರಡನೆಯ ಅಂಕಿ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಸ್ಕೋಪಿನ ಮೇಲೆ 3-9×40 ಎಂದಿದ್ದರೆ ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ತಿರುಗಿಸಬಹುದು, ಮುಂದಿನ ಗಾಜು 40 ಮಿಲಿಮೀಟರ್.

ಅಂಗಡಿಗೆ ಹೋದವರೆಲ್ಲ ಮೊದಲ ಅಂಕಿ ನೋಡಿ ಮೋಸ ಹೋಗುತ್ತಾರೆ. ನಾನೂ ಹೋದೆ. ಪೇಟೆಯ ಒಂದು ಅಂಗಡಿಯಲ್ಲಿ ಮೂವತ್ತು ಪಟ್ಟು ಎಂದು ಹೇಳಿ ಒಂದನ್ನು ಕೊಟ್ಟರು. ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುತ್ತಿತ್ತು. ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ನಿಂತು ಎದುರಿನ ಬೋರ್ಡು ಓದಿ ಖುಷಿಯಾಗಿ ತಂದೆ. ಸಂಜೆ ಮಂಚಿಗಿ ಮೇಲೆ ಕುಳಿತು ನೋಡಿದರೆ ಬರೀ ಕತ್ತಲೆ, ಮೇಲಾಗಿ ಚಿತ್ರ ಕುಣಿಯುತ್ತಿತ್ತು. ಎರಡು ವಾರಕ್ಕೆ ಮೊಮ್ಮಕ್ಕಳ ಆಟಿಗೆಯಾಯಿತು.

ಕುಣಿದದ್ದು ಯಾಕೆಂದರೆ, ಗಾಜು ಚಿಗರಿಯನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೋ ನಮ್ಮ ಕೈ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. ಕೈಯಲ್ಲಿ ಹಿಡಿದು ನೋಡಲು ಹತ್ತು ಪಟ್ಟು ಕಡೆಯ ಮಿತಿ. ಅದಕ್ಕಿಂತ ಹೆಚ್ಚಿಗೆ ಮೂರು ಕಾಲಿನ ಸ್ಟ್ಯಾಂಡ್ ಬೇಕು.

ಕತ್ತಲೆಯಾದದ್ದಕ್ಕೆ ಇನ್ನೊಂದು ಲೆಕ್ಕ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿರಿ. ಎರಡನೆಯ ಅಂಕಿಯನ್ನು ಮೊದಲಿನದರಿಂದ ಭಾಗಿಸಿ. 40ನ್ನು 8ರಿಂದ ಭಾಗಿಸಿದರೆ 5. ಕಣ್ಣಿನ ಕಡೆಯ ಗಾಜಿನಿಂದ ಹೊರಬರುವ ಬೆಳಕಿನ ಬಿಲ್ಲೆ 5 ಮಿಲಿಮೀಟರ್ ಅಗಲ ಇರುತ್ತದೆ ಎಂದು ಅರ್ಥ. ದುರ್ಬೀನನ್ನು ಒಂದು ಮೊಳ ದೂರ ಹಿಡಿದು ಆಕಾಶದ ಕಡೆ ಮಾಡಿದರೆ ಕಣ್ಣಿನ ಗಾಜಿನಲ್ಲಿ ಆ ಬಿಲ್ಲೆ ಬೆಳ್ಳಗೆ ಕಾಣುತ್ತದೆ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್ ಮಾತ್ರ ತೆರೆದಿರುತ್ತದೆ, ಆದ್ದರಿಂದ ಯಾವ ದುರ್ಬೀನು ಆದರೂ ನಡೆಯುತ್ತದೆ. ಕತ್ತಲಾದಂತೆ ಪಾಪೆ ಅರಳುತ್ತದೆ, ಆಗ ಬಿಲ್ಲೆಯೂ ದೊಡ್ಡದಿರಬೇಕು. ಜೇಬಿನಲ್ಲಿ ಹಿಡಿಯುವ 10×25 ಇದೆಯಲ್ಲ, ಅದರ ಬಿಲ್ಲೆ ಎರಡೂವರೆ ಮಿಲಿಮೀಟರ್. 8×40ರ ಬಿಲ್ಲೆಯ ಅಗಲ ಅದರ ಎರಡು ಪಟ್ಟು, ಕ್ಷೇತ್ರ ನಾಲ್ಕು ಪಟ್ಟು. ಮುಸ್ಸಂಜೆಯಲ್ಲಿ ಎದ್ದು ಕಾಣುವುದು ಇದೇ ವ್ಯತ್ಯಾಸ. ನಮ್ಮ ಹೊಲಕ್ಕೆ ಪ್ರಾಣಿ ಬರುವುದು ಹೊತ್ತು ಮೂಡುವ ಮುಂಚೆ ಮತ್ತು ಮುಳುಗಿದ ಮೇಲೆ. ಹಾಗಾಗಿ ಈ ಭಾಗಾಕಾರ ಮಾಡದೆ ದುಡ್ಡು ಬಿಚ್ಚಬೇಡಿ.

ಹಾಗಾದರೆ 7×50 ಇನ್ನೂ ಒಳ್ಳೆಯದಲ್ಲವೇ, ಬಿಲ್ಲೆ ಏಳು ಮಿಲಿಮೀಟರ್ ಆಗುತ್ತದಲ್ಲ ಎಂದು ಕೇಳಬಹುದು. ಇಪ್ಪತ್ತರ ಹುಡುಗನ ಪಾಪೆ ಕತ್ತಲಲ್ಲಿ ಏಳರ ತನಕ ಅರಳುತ್ತದೆ. ನನ್ನಂತೆ ಐವತ್ತು ದಾಟಿದವರದು ಐದರ ಆಚೀಚೆ ನಿಂತುಬಿಡುತ್ತದೆ. ಉಳಿದ ಬೆಳಕು ಕಣ್ಣಿನ ಹೊರಗೆ ಚೆಲ್ಲಿಹೋಗುತ್ತದೆ, ತೂಕ ಮಾತ್ರ ಕೊರಳಿಗೆ. ಮುದುಕರಿಗೆ 8×40 ಅಥವಾ 8×42 ಸಾಕು. 10×50ರ ಬಿಲ್ಲೆಯೂ ಐದೇ, ಆದರೆ ಭಾರ, ನಡುಕ ಎರಡೂ ಹೆಚ್ಚು.

ಇನ್ನು ಒಂದೇ ನೋಟದಲ್ಲಿ ಕಾಣುವ ಹೊಲದ ಅಗಲ. ಎಂಟು ಪಟ್ಟಿನ ಒಳ್ಳೆಯ ದುರ್ಬೀನಿನಲ್ಲಿ 100 ಮೀಟರ್ ದೂರದಲ್ಲಿ 11ರಿಂದ 14 ಮೀಟರ್ ಅಗಲ ಕಾಣುತ್ತದೆ. ಒಂಬತ್ತು ಪಟ್ಟಿಗೆ ತಿರುಗಿಸಿದ ಬಂದೂಕಿನ ಸ್ಕೋಪಿನಲ್ಲಿ ನಾಲ್ಕು ಮೀಟರ್ ಕೂಡ ಕಷ್ಟ. ಹಿಂಡು ಯಾವ ಕಡೆಯಿಂದ ಬಂತು, ಹಿಂದೆ ಎಷ್ಟು ಇವೆ, ನಡುವೆ ಯಾರಾದರೂ ಕಳೆ ತೆಗೆಯುತ್ತಿದ್ದಾರೆಯೇ, ಒಂದೂ ಗೊತ್ತಾಗುವುದಿಲ್ಲ.

ಗಾಜಿನ ಗುಣ ಪಟ್ಟಿನಲ್ಲಿಲ್ಲ, ಲೇಪದಲ್ಲಿದೆ. ಬರೀ ಗಾಜಿನ ಒಂದೊಂದು ಮೈಯಲ್ಲೂ ನೂರಕ್ಕೆ ನಾಲ್ಕು ಪಾಲಿನಷ್ಟು ಬೆಳಕು ಹಿಂದಕ್ಕೆ ಹಾರುತ್ತದೆ. ದುರ್ಬೀನಿನ ಒಳಗೆ ಇಂಥ ಹತ್ತು ಮೈ ದಾಟುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಬೆಳಕು ಹೋಯಿತು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಸ್ಮಾಕುಲಾ ಎಂಬ ವಿಜ್ಞಾನಿ ಗಾಜಿಗೆ ತೆಳ್ಳನೆಯ ಲೇಪ ಕೊಟ್ಟು ಈ ಸೋರಿಕೆ ತಡೆಯುವ ವಿದ್ಯೆ ಕಂಡುಹಿಡಿದ. ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಮುಂದಿನ ಗಾಜು ಹಿಡಿದು ನೋಡಿ. ಟ್ಯೂಬಿನ ಬಿಂಬ ಬೆಳ್ಳಗೆ ಕಣ್ಣು ಕುಕ್ಕಿದರೆ ಲೇಪ ಇಲ್ಲ. ಮಂದ ಹಸಿರು ಅಥವಾ ನೇರಳೆ ಬಣ್ಣದಲ್ಲಿ ಕಂಡರೆ ಇದೆ. ನಾನು ತಂದ ಕೆಂಪು ಹೊಳಪಿನದು ಬೆಳಕಿನ ಕೆಂಪು ಪಾಲನ್ನು ಹಿಂದಕ್ಕೆ ಎಸೆಯುತ್ತಿತ್ತು, ಅದಕ್ಕೇ ಒಳಗೆ ಎಲ್ಲ ಹಸಿರು ಹಸಿರು. ನೋಡಲು ಚೆಂದ, ನೋಡುವುದಕ್ಕೆ ಬಾರದು.

ಬೆಳಕಿನ ಬಿಲ್ಲೆಯ ಆಕಾರವನ್ನೂ ನೋಡಿ. ಪೂರ್ತಿ ದುಂಡಗಿದ್ದರೆ ಒಳಗಿನ ಪ್ರಿಸಂ ಒಳ್ಳೆಯ ಗಾಜಿನದು. ಅಂಚು ಕತ್ತರಿಸಿ ಚೌಕವಾಗಿ ಮಬ್ಬು ಕಂಡರೆ ಅಗ್ಗದ್ದು. ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡಲು ಒಳಗೆ ಕೂರಿಸುವ ಆ ಪ್ರಿಸಂ ಜೋಡಣೆಯನ್ನು ಇಟಲಿಯ ಇಗ್ನಾಜಿಯೋ ಪೊರ್ರೊ 1854ರಲ್ಲಿ ಮಾಡಿದ. ಸೊಂಟ ತಿರುಚಿದಂತೆ ಕಾಣುವ ಹಳೇ ಮಾದರಿಯ ದುರ್ಬೀನುಗಳು ಇವತ್ತಿಗೂ ಅವನ ಹೆಸರಿನವೇ. ಕಡಿಮೆ ದುಡ್ಡಿನವರಿಗೆ ನೇರ ನಳಿಕೆಯದಕ್ಕಿಂತ ಇದೇ ಒಳ್ಳೆಯದು, ಅದೇ ಬೆಲೆಗೆ ಹೆಚ್ಚು ಸ್ವಚ್ಛ ನೋಟ ಸಿಗುತ್ತದೆ.

ಎರಡೂ ನಳಿಕೆ ಒಂದೇ ಕಡೆ ನೋಡುತ್ತಿವೆಯೇ ಎಂಬ ಪರೀಕ್ಷೆ ಮರೆಯಬಾರದು. ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ ಅದು. ದೂರದ ಕರೆಂಟಿನ ತಂತಿಯನ್ನೋ ಮನೆ ಮಾಳಿಗೆಯ ಅಂಚನ್ನೋ ಎರಡು ಕಣ್ಣಿನಿಂದ ನೋಡಿ, ಹಾಗೇ ನೋಡುತ್ತ ದುರ್ಬೀನನ್ನು ಮುಖದಿಂದ ನಿಧಾನವಾಗಿ ಒಂದು ಗೇಣು ಹಿಂದೆ ತನ್ನಿ. ಎಡಗಡೆಯ ತಂತಿ ಮೇಲೆ, ಬಲಗಡೆಯ ತಂತಿ ಕೆಳಗೆ ಕಂಡರೆ ಬೇಡ ಎಂದು ಇಟ್ಟು ಬನ್ನಿ. ಅದರಲ್ಲಿ ಹತ್ತು ನಿಮಿಷ ನೋಡಿದರೆ ತಲೆನೋವು ಖಂಡಿತ. ಚಾಳೀಸು ಹಾಕುವವರು ಕಣ್ಣಿಗೂ ಗಾಜಿಗೂ ನಡುವೆ ಎಷ್ಟು ಅಂತರ ಬಿಡಬಹುದು ಎಂದು ಕೇಳಬೇಕು. 15 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಚಾಳೀಸು ತೆಗೆಯದೆ ಪೂರ್ತಿ ನೋಟ ಸಿಗುವುದಿಲ್ಲ. ಮತ್ತೆ, ಕೊಳ್ಳಲು ಹೋಗುವುದು ಸಂಜೆಗೇ. ಮಟಮಟ ಮಧ್ಯಾಹ್ನ ಎಲ್ಲ ದುರ್ಬೀನೂ ಒಳ್ಳೆಯವೇ.

ತಂದ ಮೇಲೆ ಹೊಂದಿಸುವುದನ್ನು ಬಹಳ ಜನ ಮಾಡುವುದೇ ಇಲ್ಲ. ಮೊದಲು ಬಲಗಡೆಯ ನಳಿಕೆಗೆ ಕೈ ಅಡ್ಡ ಹಿಡಿದು, ನಡುವಿನ ಗಾಲಿ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಗಾಲಿ ಮುಟ್ಟದೆ, ಬಲಗಡೆಯ ಕಣ್ಣಿನ ಗಾಜಿನ ಬಳೆಯನ್ನಷ್ಟೇ ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿ. ಒಮ್ಮೆ ಮಾಡಿದರೆ ಆಯಿತು, ಬಳೆಯ ಮೇಲೆ ಉಗುರುಬಣ್ಣದಿಂದ ಒಂದು ಗುರುತು ಹಾಕಿ. ಮುಂದೆ ಗಾಲಿ ಒಂದೇ ಸಾಕು.

ಬೇಸಿಗೆಯಲ್ಲಿ ಎರಿ ಹೊಲದ ಮೇಲೆ ಬಿಸಿಲ್ಗುದುರೆ ಏಳುತ್ತದಲ್ಲ, ಅದರ ಮುಂದೆ ಯಾವ ದೇಶದ ಗಾಜಿನ ಆಟವೂ ನಡೆಯುವುದಿಲ್ಲ. ಹತ್ತು ಗಂಟೆ ಆಯಿತೆಂದರೆ ನವಲಗುಂದದ ಗುಡ್ಡ ನೀರಿನಲ್ಲಿ ತೇಲಿದಂತೆ ಅಲುಗುತ್ತದೆ. ಪಟ್ಟು ಹೆಚ್ಚಿಸಿದರೆ ಆ ಅಲುಗಾಟವೂ ಹೆಚ್ಚುತ್ತದೆ. ನೆಲದಿಂದ ಎತ್ತರಕ್ಕೆ ಏರಿ ನೋಡುವುದು, ತಂಪು ಹೊತ್ತಿನಲ್ಲಿ ನೋಡುವುದು, ಇವೆರಡೇ ದಾರಿ. ಮಂಚಿಗಿಯನ್ನು ಎತ್ತರಕ್ಕೆ ಕಟ್ಟುತ್ತಿದ್ದ ಹಿರಿಯರಿಗೆ ಇದು ಗೊತ್ತಿತ್ತೋ ಏನೋ.

ಇನ್ನು ಹುಡುಗರ ಏರ್‌ಗನ್ ವಿಷಯ. ಲೈಸೆನ್ಸ್ ಬೇಡದ ಏರ್‌ಗನ್ನಿನ ಗುಂಡು ಮೂವತ್ತು ಐವತ್ತು ಮೀಟರಿನ ಆಚೆ ಕೆಲಸದ್ದಲ್ಲ. ಅದರ ಮೇಲೆ ಅರ್ಧ ಕಿಲೋಮೀಟರ್ ಕಾಣುವ ಗಾಜು ಕೂರಿಸಿದರೆ ಕಾಣುವುದಷ್ಟೇ. ಬೆಳಕು ನೆಟ್ಟಗೆ ಬರುತ್ತದೆ, ಗುಂಡು ನೆಟ್ಟಗೆ ಹೋಗುವುದಿಲ್ಲ. ನಳಿಕೆ ಬಿಟ್ಟ ಗಳಿಗೆಯಿಂದ ಅದು ಕೆಳಗೆ ಬೀಳುತ್ತಲೇ ಇರುತ್ತದೆ: ಅರ್ಧ ಸೆಕೆಂಡಿಗೆ ಒಂದೂಕಾಲು ಮೀಟರ್, ಒಂದು ಸೆಕೆಂಡಿಗೆ ಸುಮಾರು ಐದು ಮೀಟರ್. ಅದಕ್ಕೇ ಸ್ಕೋಪಿನ ಮೇಲೆ ತಿರುಗಿಸುವ ಗುಂಡಿ ಇರುತ್ತದೆ. ಕಾಲು ಮಿನಿಟಿನ ಗುಂಡಿಯಾದರೆ ಒಂದು ಟಿಕ್ಕಿಗೆ ಗುರಿ 100 ಮೀಟರಿನಲ್ಲಿ ಏಳು ಮಿಲಿಮೀಟರ್ ಸರಿಯುತ್ತದೆ. ಪಟ್ಟಿಗಿಂತ ಆ ಗುಂಡಿ ಪ್ರತಿ ಸಲ ಅಷ್ಟೇ ಸರಿಯುತ್ತದೆಯೇ, ತಿರುಗಿಸಿ ಹಿಂದಕ್ಕೆ ತಂದರೆ ಮೊದಲಿನ ಜಾಗಕ್ಕೇ ಬರುತ್ತದೆಯೇ ಎಂಬುದರ ಮೇಲೆ ಒಳ್ಳೆಯ ಸ್ಕೋಪಿನ ಬೆಲೆ ನಿಂತಿದೆ ಎಂದು ಅಳಿಯ ಹೇಳುತ್ತಾನೆ. ಇನ್ನೊಂದು ಮಾತು, ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಹಿಂದಕ್ಕೆ ಮಾತ್ರ ಒದೆಯುವ ರೈಫಲ್ಲಿಗೆ ಮಾಡಿದ ಸ್ಕೋಪು ಅದರ ಮೇಲೆ ಕೂತರೆ ಒಳಗಿನ ಗಾಜು ಸಡಿಲವಾಗುತ್ತದೆ. ನಮ್ಮಪ್ಪನ ಬಂದೂಕಿನಂಥ ನುಣುಪು ನಳಿಕೆಗಂತೂ ಸ್ಕೋಪು ಮುದಿ ಎತ್ತಿಗೆ ಗೆಜ್ಜೆ ಕಟ್ಟಿದಂತೆ.

ಕೊಡಗಿನ ಓದುಗರು ನಗಬಹುದು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವವರಿಗೆ ಗುಂಡಿನ ಪಾಠ ನಾನು ಹೇಳಬೇಕಾಗಿಲ್ಲ. ಆದರೆ ಪ್ರಾಣಿಯ ವಿಷಯದಲ್ಲಿ ಕಾಯ್ದೆ ಎಲ್ಲರಿಗೂ ಒಂದೇ. ಚಿಗರಿ, ನವಿಲು ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು, ಮೇಲೆ ದಂಡ. ಹಂದಿಯನ್ನೂ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂದರೆ ಅದರಿಂದ ಪ್ರಾಣಿಗೆ ಹೊಡೆಯಬಹುದು ಎಂದು ಹುಡುಗರು ತಿಳಿದುಕೊಂಡಿದ್ದರು.

ಹೊಡೆಯದೆ ಬರೀ ನೋಡಿ ಏನು ಲಾಭ ಎಂದು ಅವರು ಕೇಳಿದರು. ನನ್ನ ಅನುಭವ ಹೇಳುತ್ತೇನೆ. ಮೊದಲು ಚಿಗರಿ ಹೊಲದ ನಡುವೆ ಬಂದ ಮೇಲೆ ಗೊತ್ತಾಗುತ್ತಿತ್ತು. ಕೂಗುತ್ತ ಓಡಿದರೆ ಹಿಂಡು ಬೆದರಿ ಇಡೀ ಹೊಲ ಅಡ್ಡಾದಿಡ್ಡಿ ತುಳಿಯುತ್ತಿತ್ತು. ಈಗ ಒಂದು ಕಿಲೋಮೀಟರ್ ದೂರದಲ್ಲಿ ಪಾಳು ಬಿದ್ದ ಹೊಲದಲ್ಲಿ ಮೇಯುವಾಗಲೇ ಕಾಣುತ್ತವೆ. ಯಾವ ಕಡೆ ಮುಖ ಮಾಡಿವೆ ಎಂದು ನೋಡಿಕೊಂಡು ಆ ಬದುವಿನ ಮೇಲೆ ಮೊದಲೇ ಹೋಗಿ ನಿಲ್ಲುತ್ತೇನೆ. ಮನುಷ್ಯ ನಿಂತದ್ದು ಕಂಡರೆ ಅವು ದೂರದಿಂದಲೇ ದಿಕ್ಕು ಬದಲಿಸುತ್ತವೆ. ಕೂಗು ಬೇಡ, ಓಟ ಬೇಡ. ಮಳಿ ಬಿದ್ದ ಎರಿಯಲ್ಲಿ ಕಾಲಿಗೆ ನಾಲ್ಕು ಸೇರು ಮಣ್ಣು ಹತ್ತಿಸಿಕೊಂಡು ಸುಮ್ಮನೆ ಸುತ್ತುವುದೂ ತಪ್ಪಿತು. ಪಕ್ಕದ ನಾಲ್ಕು ಹೊಲದವರು ಪಾಳಿ ಹಾಕಿಕೊಂಡರೆ ಒಬ್ಬನೇ ಎಲ್ಲರದನ್ನೂ ಕಾಯಬಹುದು. ಪೂರಾ ತಪ್ಪಿದೆ ಎಂದು ಹೇಳಲಾರೆ. ರಾತ್ರಿ ಬರುವ ಹಂದಿಗೆ ಇದು ಉಪಯೋಗಕ್ಕಿಲ್ಲ, ಬೆಳದಿಂಗಳಿದ್ದರೆ ಅಷ್ಟಿಷ್ಟು.

ಜತನ ಮಾಡುವುದು ಹೀಗೆ. ನಮ್ಮ ಕರಿಮಣ್ಣಿನ ಧೂಳಿನಲ್ಲಿ ಸಣ್ಣ ಹರಳು ಇರುತ್ತದೆ. ಧೋತರದ ತುದಿಯಿಂದ ಒರೆಸಿದರೆ ಗಾಜಿನ ಲೇಪ ಗೀರಿಹೋಗುತ್ತದೆ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಧೂಳು ಹಾರಿಸಿ, ಆಮೇಲೆ ಬಾಯಿ ಹಬೆ ಕೊಟ್ಟು ತೊಳೆದ ಹತ್ತಿ ಬಟ್ಟೆಯಿಂದ ಹಗುರಾಗಿ ಒರೆಸಿ. ಶ್ರಾವಣದ ಜಡಿಮಳೆಯಲ್ಲಿ ಚೀಲದೊಳಗೆ ಮುಚ್ಚಿಟ್ಟರೆ ಗಾಜಿನ ಒಳಗೆ ಬೂಸ್ಟು ಬರುತ್ತದೆ, ಬಂದರೆ ಹೋಗುವುದಿಲ್ಲ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಔಷಧದ ಡಬ್ಬಿಗಳಲ್ಲಿ ಬರುವ ಸಿಲಿಕಾದ ಸಣ್ಣ ಪೊಟ್ಟಣಗಳನ್ನು ಹಾಕಿ ಇಡಿ. ನಾನು ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟು, ಎರಡು ವಾರಕ್ಕೊಮ್ಮೆ ಬದಲಿಸುತ್ತೇನೆ. ಒಳಗೆ ನೈಟ್ರೋಜನ್ ತುಂಬಿ ನೀರು ಹೋಗದಂತೆ ಮಾಡಿದ್ದು ಸಿಕ್ಕರೆ ಈ ಚಿಂತೆ ಕಡಿಮೆ, ಬೆಲೆ ಹೆಚ್ಚು. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ಹಿಡಿಯಬೇಡಿ, ಮಕ್ಕಳ ಕೈಗೆ ಕೊಡುವಾಗ ಇದನ್ನು ಹೇಳಿಯೇ ಕೊಡಿ. ಕಣ್ಣು ಹೋಗುತ್ತದೆ.

ಮೂವರು ಹುಡುಗರೂ ಸ್ಕೋಪಿಗೆಂದು ಕೂಡಿಸಿದ ದುಡ್ಡಿಗೆ ಇನ್ನಷ್ಟು ಸೇರಿಸಿ 8×42 ಒಂದನ್ನು ತಂದರು. ಸಂಜೆ ಹೊತ್ತಿನಲ್ಲಿ ಹೋಗಿ, ತಂತಿ ನೋಡಿ, ಬಿಲ್ಲೆ ನೋಡಿ ಆರಿಸಿದರು. ನನಗೆ ಗೊತ್ತಿಲ್ಲದ ಒಂದು ಉಪಯೋಗವನ್ನು ಅವರೇ ಕಂಡುಕೊಂಡಿದ್ದಾರೆ. ಮೊಬೈಲಿನ ಕ್ಯಾಮೆರಾವನ್ನು ದುರ್ಬೀನಿನ ಕಣ್ಣಿನ ಗಾಜಿಗೆ ಒತ್ತಿ ಹಿಡಿದರೆ ದೂರದ ಚಿಗರಿಯ ಫೋಟೋ ಬರುತ್ತದೆ, ಹೊಲದಲ್ಲಿ ತಿನ್ನುತ್ತಿರುವುದು ತಾರೀಖಿನ ಸಮೇತ. ಬೆಳೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವಾಗ ಆ ಫೋಟೋ ಜೊತೆಗೆ ಹಚ್ಚುತ್ತಿದ್ದಾರೆ. ಮೊಬೈಲ್ ಅಲುಗದಂತೆ ಕಟ್ಟಲು ಹಳೇ ಸೈಕಲ್ ಟ್ಯೂಬಿನ ಎರಡು ಬಳೆ ಕತ್ತರಿಸಿಕೊಂಡರೆ ಸಾಕು.